ಆ ಫೋಟೋ ಕಳಿಸಬೇಡ

ಸ್ಯಾನ್ ಆಂಟೋನಿಯೊ ಆಗ್ವಾಸ್ ಕಾಲಿಯೆಂಟೆಸ್,
ಗ್ವಾಟೆಮಾಲಾ

ಪುಟ್ಟಿ,

ಯಾರೋ ಅಂಗಡಿಯವರು ನನ್ನ ಹಳೇ ಉಯಿಪಿಲ್ ರವಿಕೆಯ ಫೋಟೋ ಕೇಳಿದ್ದಾರೆ, ಕಳಿಸಲಾ ಅಂತ ಬರೆದಿದ್ದೀಯ. ಬೇಡ.

ಅದು ಸೀದಾ ಪ್ರಿಂಟಿಂಗ್ ಮಷೀನಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಕೂತು ನೇಯ್ದ ರವಿಕೆ ಬರೀ ಅಚ್ಚಾಗಿ ಸಂತೆಯಲ್ಲಿ ಅಗ್ಗಕ್ಕೆ ಬಿಕರಿಯಾಗುತ್ತದೆ. ಅದನ್ನು ಕೊಳ್ಳುವ ನಮ್ಮ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ದುಡ್ಡಿಲ್ಲದವರು ಇನ್ನೇನು ಉಡಬೇಕು? ಸಿಟ್ಟು ಕದಿಯುವವರ ಮೇಲೆ. 2016ರಲ್ಲಿ ನಮ್ಮ ಸಕಾಟೆಪೆಕೆಸ್ ಕಡೆಯ ಹೆಂಗಸರೇ ಇದಕ್ಕಾಗಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಈ ಚಿತ್ತಾರ ಒಬ್ಬಳದಲ್ಲ, ಊರಿನದು, ಜನಾಂಗದ್ದು ಅನ್ನುವುದು ಅವರ ವಾದ. ಹಾಗಿರುವಾಗ ಅದನ್ನು ಎತ್ತಿ ಕೊಡೋಕೆ ನಾನ್ಯಾರು, ನೀನ್ಯಾರು?

ಕೊಡುವುದಿದ್ದರೆ ನಿನ್ನ ಮಗಳಿಗೆ ಕೊಡೋಣ. ಅವಳಿಗೆ ಏಳು ತುಂಬಿತು ಅಲ್ವಾ? ನವೆಂಬರ್‌ನಲ್ಲಿ ಶಾಲೆಗೆ ರಜೆ ಬಿಟ್ಟ ಕೂಡಲೇ ಇಲ್ಲಿಗೆ ಕಳಿಸು. ಮೊದಲು ಸಣ್ಣ ಮಗ್ಗದಲ್ಲಿ ಸೊಂಟಪಟ್ಟಿ ನೇಯಲಿ. ಹಾಸಿನ ಒಂದು ತುದಿ ಮರಕ್ಕೆ, ಇನ್ನೊಂದು ಅವಳ ಸೊಂಟಕ್ಕೆ. ಮುಂದೆ ಬಾಗಿದರೆ ಎಳೆ ಸಡಿಲ, ಹಿಂದೆ ವಾಲಿದರೆ ಬಿಗಿ. ಇದು ಸೊಂಟಕ್ಕೇ ತಿಳಿಯಬೇಕು, ಬಾಯಲ್ಲಿ ಹೇಳಿದರೆ ಬರಲ್ಲ. ನೂಲಿಗೆ ಮೆಕ್ಕೆಜೋಳದ ಗಂಜಿ ಹಾಕುವಾಗಲೂ ಜೊತೆಗೆ ಕೂರಿಸಿಕೊಳ್ಳುತ್ತೇನೆ. ಕೈಯೆಲ್ಲ ಅಂಟಂಟಾಗುತ್ತದೆ, ಮಕ್ಕಳಿಗೆ ಅದೇ ಖುಷಿ.

ನಮ್ಮೂರಿನ ಮಾರ್ಕಡೋರ್ ಚಿತ್ತಾರದ ನೇಯ್ಗೆಗೆ ಅವಸರವಿಲ್ಲ. ಹಕ್ಕಿ, ಹೂವು ಎರಡೂ ಮಗ್ಗುಲಲ್ಲಿ ಒಂದೇ ತರ ಕಾಣಬೇಕು. ಬಣ್ಣದ ನೂಲಿನ ತುದಿಗಳನ್ನು ಹಿಂದೆ ಅಡಗಿಸೋಣ ಅಂದರೆ ಅಲ್ಲಿ ಹಿಂಬದಿ ಅನ್ನುವುದೇ ಇಲ್ಲ. ಎಳೆ ಎಣಿಸಿ ಎಣಿಸಿಯೇ ಕಲಿಯಬೇಕು. ತಪ್ಪಿದರೆ ಅವಳೇ ಬಿಚ್ಚಲಿ, ನೀನು ಕೈ ಹಾಕಬೇಡ. ನಿಮ್ಮಮ್ಮನಿಗೆ ತಾಳ್ಮೆ ಕಮ್ಮಿ, ನೀನು ತಪ್ಪಿದ ಕಡೆಯೆಲ್ಲ ತಾನೇ ಬಿಚ್ಚಿ ಸರಿ ಮಾಡಿಬಿಡುತ್ತಿದ್ದಳು. ಅದಕ್ಕೇ ನಿನ್ನ ಕೈ ಸೊಂಟಪಟ್ಟಿ ದಾಟಲಿಲ್ಲ!

ವಾಪಸ್ ಸಿಟಿಗೆ ಬಂದ ಮೇಲೆ ಮಗ್ಗ ಕಟ್ಟೋಕೆ ಮರ ಎಲ್ಲಿ ಅಂತ ನೆಪ ಹೇಳಬೇಡ. ಕಿಟಕಿ ಸರಳಿಗೂ ಕಟ್ಟಬಹುದು. ಶಾಲೆ ತಪ್ಪಿಸುವುದು ಮಾತ್ರ ಬೇಡ. ಸಂಜೆ ಸ್ವಲ್ಪ ಹೊತ್ತು ಕೂತರೆ ಸಾಕು.

ದೊಡ್ಡವಳಾಗಿ ನೇಯ್ದದ್ದನ್ನು ಮಾರಿದರೆ ಮಾರಲಿ. ನಾವೂ ಮಾರಿಯೇ ನಿನ್ನನ್ನು ಓದಿಸಿದ್ದು. ಆದರೆ ನೂಲಿನ ದುಡ್ಡು ಬಂದರೆ ಸಾಕು ಅಂತ ಕೊಟ್ಟುಬಿಡಬಾರದು. ಕೂತ ದಿನಗಳನ್ನೂ ಲೆಕ್ಕ ಹಿಡಿಯಬೇಕು. ಪಕ್ಕದ ಆಂಟಿಗುವಾ ಪಟ್ಟಣಕ್ಕೆ ಬರುವ ಪ್ರವಾಸಿಗರು ಹೋಟೆಲ್ ಬಿಲ್ಲಿಗೆ ಚೌಕಾಸಿ ಮಾಡಲ್ಲ, ನಮ್ಮ ಬಟ್ಟೆಗೆ ಮಾತ್ರ ಮಾಡುತ್ತಾರೆ.

ಅಂಗಡಿಯವರಿಗೆ ಏನು ಹೇಳಲಿ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಉಯಿಪಿಲ್ ಬೇಕಿದ್ದರೆ ಊರಿಗೆ ಬಂದು ಆರ್ಡರ್ ಕೊಡಲಿ, ಮುಂಗಡ ಸಮೇತ.

ನಿನ್ನ ಅಜ್ಜಿ