ಮಗಳಿಗೊಂದು ಪತ್ರ: ಸಿಂಕಿಗೆ ಸುರಿದಿದ್ದು

ಪುಟ್ಟಿ,

ಭಾನುವಾರ ನೀನು ಫೋನ್ ಕಟ್ ಮಾಡಿದ್ಮೇಲೆ ನಾಲ್ಕು ಸಲ ಮೆಸೇಜ್ ಟೈಪ್ ಮಾಡಿ ಅಳಿಸ್ದೆ, ಅದಕ್ಕೇ ಈ ಕಾಗದ. ನೀನು ಬೈದಿದ್ದು ಸರಿನೇ. ಆಸ್ಪತ್ರೆ ಫಾರ್ಮಲ್ಲಿ "ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ" ಅನ್ನೋ ಕಡೆ ನೀನು "ಇಲ್ಲ" ಅಂತ ಬರೆಯೋವಾಗ ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡ್ಲಿಲ್ಲ. ನನ್ ಕರುಳಿನ ಕ್ಯಾನ್ಸರ್ ಆಪರೇಷನ್ನ ಮೂಲವ್ಯಾಧಿ ಆಪರೇಷನ್ ಅಂತ ಸುಳ್ಳು ಹೇಳಿದ್ದು ನಿನ್ ಪರೀಕ್ಷೆ ಹತ್ರ ಇತ್ತು ಅಂತ. ಪರೀಕ್ಷೆ ಮುಗೀತು, ಕೆಲ್ಸ ಸಿಕ್ತು, ಮದ್ವೆ ಆಯ್ತು, 20 ವರ್ಷ ಹೋಯ್ತು.

ಈಗ ಹೇಳಿದ್ದೂ ಲೆಕ್ಕಕ್ಕೆ ಹೆದರಿ. ಅಪ್ಪ ಅಮ್ಮಂಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ರೆ ಮಕ್ಕಳು 40ಕ್ಕೆ, ಇಲ್ಲಾ ಅವ್ರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವ್ದು ಮೊದ್ಲೋ ಆಗ ಕೊಲೊನೋಸ್ಕೋಪಿ, ಅಂದ್ರೆ ಹಿಂದಿನಿಂದ ಕ್ಯಾಮೆರಾ ಇರೋ ಟ್ಯೂಬ್ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ, ಶುರು ಮಾಡ್ಬೇಕಂತೆ. ನಂಗೆ ಬಂದಾಗ 46. ನಿಂಗೀಗ 36.

ಸ್ಕೋಪ್ ಬಗ್ಗೆ ಹೆದರ್ಬೇಡ, ಇಂಜೆಕ್ಷನ್ ಕೊಡ್ತಾರೆ, ಎಡ ಮಗ್ಗುಲಾಗಿ ಮಂಡಿ ಮಡಚಿ ಮಲಗಿದ್ದಷ್ಟೇ ನೆನಪಿರುತ್ತೆ, ಅರ್ಧ ಗಂಟೆ ಆಚೆ ಈಚೆ ಮುಗಿಯುತ್ತೆ. ಪಾಲಿಪ್ ಅಂತ ಸಣ್ಣ ಗಂಟು ಸಿಕ್ರೆ ಸಾಮಾನ್ಯವಾಗಿ ಅಲ್ಲೇ ಕತ್ತರಿಸ್ತಾರೆ, ಕತ್ತರಿಸಿದ್ದೂ ಗೊತ್ತಾಗಲ್ಲ. ಅದು ಕ್ಯಾನ್ಸರ್ ಆಗೋಕೆ ಹೆಚ್ಚಾಗಿ ವರ್ಷಗಟ್ಲೆ ಬೇಕು, ಅಷ್ಟ್ರೊಳಗೆ ತೆಗೆದ್ರೆ ಆಯ್ತು. ಕಷ್ಟ ಇರೋದು ಹಿಂದಿನ ರಾತ್ರಿ.

ನಮ್ ಕಾಲದಲ್ಲಿ ಕರುಳು ಖಾಲಿ ಮಾಡೋ ಔಷಧಿ ನೀರು ನಾಲ್ಕು ಲೀಟರ್, ಎಲ್ಲಾ ಒಂದೇ ಸಂಜೆ. ಉಪ್ಪುಪ್ಪಾಗಿ, ಲೋಳೆಲೋಳೆ. ಎರಡೂವರೆ ಲೀಟರ್ ಹೋಯ್ತು, ಆಮೇಲೆ ಗಂಟಲು ದಾಟ್ಲಿಲ್ಲ. ನಿಮ್ಮಮ್ಮ ಮಲಗಿದ್ಲು. ಉಳಿದಿದ್ದನ್ನ ಸಿಂಕಿಗೆ ಸುರಿದೆ, ಸದ್ದಾಗ್ದಂಗೆ ನಲ್ಲಿ ಸಣ್ಣಗೆ ಬಿಟ್ಕೊಂಡು, ಕಳ್ಳನ ಥರ. ಬೆಳಿಗ್ಗೆ ನರ್ಸ್ ಕೇಳಿದ್ರೆ "ಪೂರ್ತಿ ಕುಡ್ದೆ" ಅಂದೆ. ಒಳಗೆಲ್ಲಾ ಮಲ, ಏನೂ ಕಾಣ್ತಿಲ್ಲ ಅಂತ ಅರ್ಧಕ್ಕೇ ವಾಪಸ್ ತೆಗೆದ್ರು, ಮತ್ತೆ ಬನ್ನಿ ಅಂದ್ರು, ನಾನು ಐದು ತಿಂಗಳು ಹೋಗ್ಲಿಲ್ಲ. ಆ ಐದು ತಿಂಗಳಲ್ಲಿ ಅದು ಎಷ್ಟು ಬೆಳೀತೋ ಅಂತ ಈಗ್ಲೂ ಪಾತ್ರೆ ತೊಳೆಯೋವಾಗ ಯೋಚ್ನೆ ಬರುತ್ತೆ. ನಿಮ್ಮಮ್ಮಂಗೆ ಇವತ್ತಿಗೂ ಸಿಂಕಿನ ವಿಷ್ಯ ಗೊತ್ತಿಲ್ಲ, ನಿಂಗೇ ಮೊದ್ಲು ಹೇಳ್ತಿರೋದು.

ಅದಕ್ಕೇ ಪೂರ್ತಿ ಕುಡಿ. ಈಗ ಎರಡು ಭಾಗ ಮಾಡಿ ಕೊಡ್ತಾರೆ, ಅರ್ಧ ಹಿಂದಿನ ಸಂಜೆ, ಅರ್ಧ ಅದೇ ದಿನ ಬೆಳಗಿನ ಜಾವ, ಅಲಾರಾಂ ಇಟ್ಟು ಏಳು. ತಣ್ಣಗೆ ಮಾಡು, ಸ್ಟ್ರಾ ನಾಲಿಗೆ ಹಿಂದಕ್ಕೆ ಇಟ್ಕೊಂಡು ಕುಡಿ. ಟಾಯ್ಲೆಟ್ ಪಕ್ಕದ ರೂಮಲ್ಲೇ ಇರು, ಮೊದಲೇ ವ್ಯಾಸಲಿನ್ ಹಚ್ಕೋ, ನಗ್ಬೇಡ, ಹತ್ತನೇ ಸಲ ಒರೆಸಿಕೊಳ್ಳೋವಾಗ ಅಪ್ಪನ್ನ ನೆನೆಸ್ಕೋತೀಯ. ಕೊನೆಗೆ ಹಳದಿ ನೀರಷ್ಟೇ ಬರ್ಬೇಕು, ಚೂರಿದ್ರೆ ಇನ್ನೂ ಆಗಿಲ್ಲ ಅಂತ. ಎರಡ್ಮೂರು ದಿನ ಮುಂಚಿಂದ ಬೀಜ, ಕಾಳು, ಸಿಪ್ಪೆ ಬಿಡು. ಕೆಂಪು ಬಣ್ಣದ ಜ್ಯೂಸ್ ಬೇಡ, ಒಳಗೆ ರಕ್ತದ ಹಂಗೆ ಕಾಣುತ್ತಂತೆ. ನಿನ್ ಐರನ್ ಮಾತ್ರೆ ಒಂದು ವಾರ ಮುಂಚೆನೇ ನಿಲ್ಸು, ಆದ್ರೂ ಡಾಕ್ಟರ್ನ ಒಂದ್ಸಲ ಕೇಳು. ಆದ್ಮೇಲೆ ಹೊಟ್ಟೆ ಉಬ್ಬರಿಸುತ್ತೆ, ಗ್ಯಾಸ್ ಬಿಡೋಕೆ ನಾಚ್ಕೋಬೇಡ. ಜ್ವರ, ಜೋರು ಹೊಟ್ಟೆನೋವು, ನಿಲ್ಲದ ರಕ್ತ ಇದ್ರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡು. ನನ್ ಥರ ಮೂಲವ್ಯಾಧಿ ಇರ್ಬೇಕು ಅಂತ ತಿಂಗಳುಗಟ್ಲೆ ಕೂರ್ಬೇಡ.

ನೋಡು, ಕ್ಷಮೆ ಕೇಳೋಕೆ ಕೂತವನು ಪಾಠ ಶುರು ಮಾಡ್ದೆ. ಬೈದಾದ್ರೂ ಮಾರನೇ ದಿನವೇ ಡೇಟ್ ತಗೊಂಡ್ಯಂತೆ, ಅಮ್ಮ ಹೇಳಿದ್ಲು. ನಂಗೆ ಆ ಧೈರ್ಯ ಇರ್ಲಿಲ್ಲ ಕಣೇ.

ಇಂಜೆಕ್ಷನ್ ಮಂಪರು ಇಡೀ ದಿನ ಇರುತ್ತೆ, ಗಾಡಿ ಓಡಿಸೋ ಹಾಗಿಲ್ಲ, ಜೊತೆಗೆ ಯಾರಾದ್ರೂ ಇರ್ಲೇಬೇಕು. ನಾನು ಬರ್ಲಾ? ಬೇಡ ಅನ್ಸಿದ್ರೆ ಅಮ್ಮನ್ನ ಕರ್ಕೋ, ನಾನು ಬೇಜಾರ್ ಮಾಡ್ಕೊಳಲ್ಲ. ಫಾರ್ಮ್ ಕೊಟ್ಟಾಗ ಆ ಕಾಲಂನಲ್ಲಿ ಬರಿ: ತಂದೆ, ದೊಡ್ಡ ಕರುಳಿನ ಕ್ಯಾನ್ಸರ್, 46ನೇ ವಯಸ್ಸಿಗೆ.

ಅಪ್ಪ