ಜಾಲತಾಣದಲ್ಲಿ ನಾವೆಲ್ಲ ಚಾಲಗೇಣಿ ಒಕ್ಕಲು

ಸಂಪಾದಕರಿಗೆ ನಮಸ್ಕಾರ.

ನಾನು ಉಡುಪಿಯ ಕಟಪಾಡಿ ಕಡೆಯವನು. ಮನೆಯಲ್ಲೇ ಹಲಸಿನ ಹಪ್ಪಳ, ಸಾಂತಣಿ (ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಸೋಶಿಯಲ್ ಮೀಡಿಯಾದಲ್ಲಿ ವ್ಯಾಪಾರ ಬೆಳೆಸಿಕೊಂಡವರ ಕಥೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿದಾಗ ಖುಷಿಯಾಗುತ್ತದೆ, ಸುಳ್ಳೂ ಅಲ್ಲ. ಆದರೆ ಆ ಕಥೆಯ ಮುಂದಿನ ಭಾಗವನ್ನು ಯಾರೂ ಬರೆಯುವುದಿಲ್ಲ. ನಾವು ಅದನ್ನು ಅನುಭವಿಸಿದ್ದೇವೆ, ಹಾಗಾಗಿ ಈ ಪತ್ರ.

2019ರ ಬೇಸಗೆಯಲ್ಲಿ ಮಗಳು ಅಂಗಳದಲ್ಲಿ ನಿಂತು ಅಮ್ಮ ಹಪ್ಪಳ ಒತ್ತುವುದನ್ನು ಫೋನಿನಲ್ಲಿ ಹಿಡಿದಳು. ಬೇಯಿಸಿದ ಸೊಳೆಯನ್ನು ಮೆಣಸು, ಉಪ್ಪು, ಜೀರಿಗೆ ಸೇರಿಸಿ ಗುದ್ದಿ, ತೆಂಗಿನೆಣ್ಣೆ ಮುಟ್ಟಿಸಿ ಉಂಡೆ ಮಾಡಿ, ಬಾಳೆಲೆಯ ಎರಡು ತುಂಡಿನ ನಡುವೆ ಇಟ್ಟು ಮಣೆಯಲ್ಲಿ ಒತ್ತುವುದು. ಮಣೆ ಎತ್ತಿ ಎಲೆ ಬಿಡಿಸುವಾಗ ಒಂದು ಸಣ್ಣ ಸದ್ದು ಬರುತ್ತದಲ್ಲ, ಅದು ಆ ವಿಡಿಯೊದಲ್ಲಿ ಸ್ಪಷ್ಟ ಕೇಳುತ್ತಿತ್ತು. ಅಷ್ಟೇ ಇದ್ದದ್ದು ಅದರಲ್ಲಿ. ಹಾಡಿಲ್ಲ, ಬಣ್ಣ ಇಲ್ಲ. ಅದನ್ನು ಜಾಲತಾಣಕ್ಕೆ ಹಾಕಿದಳು. ಒಂದು ವಾರದಲ್ಲಿ ಬೆಂಗಳೂರು, ಮುಂಬೈ, ದುಬೈಯಿಂದ ಮೆಸೇಜ್ ಬರಲು ಶುರುವಾಯಿತು. ಮುಂಬೈಯಿಂದ ಫೋನ್ ಮಾಡಿದ ಒಬ್ಬರು ಹಪ್ಪಳದ ಮಾತೆತ್ತುವ ಮೊದಲು ಹಿಂದೆ ಕಾಣುವ ಮರ ಯಾವುದು ಅಂತ ಕೇಳಿದರು. ಪುನರ್ಪುಳಿ ಮರ ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಅವರ ಊರಿನ ಮನೆಯಲ್ಲೂ ಒಂದಿತ್ತಂತೆ.

ಅದಕ್ಕೆ ಮೊದಲು ನಾವು ಅಂಗಡಿಗಳಿಗೆ ಕೊಡುತ್ತಿದ್ದೆವು. ಅಂಗಡಿಯವರು ಹೇಳಿದ ರೇಟು, ಅವರು ಕೊಟ್ಟಾಗ ದುಡ್ಡು. ನಮ್ಮ ಹಪ್ಪಳ ಯಾರು ತಿನ್ನುತ್ತಾರೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಜಾಲತಾಣ ಅದನ್ನು ಬದಲಿಸಿತು, ಅದನ್ನು ನಾನು ಎಂದೂ ಮರೆಯುವುದಿಲ್ಲ. ಜಾಹೀರಾತಿಗೆ ದುಡ್ಡಿಲ್ಲದ ಮನೆಗೆ ಗಿರಾಕಿಯ ಮುಖ ತೋರಿಸಿಕೊಟ್ಟದ್ದು ಅದೇ.

ಆಮೇಲೆ ನಿಧಾನಕ್ಕೆ ಬೇರೆ ಆಯಿತು. ಮೊದಮೊದಲು ಹಾಕಿದ್ದು ನಮ್ಮ ಪೇಜ್ ಫಾಲೋ ಮಾಡಿದ ಸುಮಾರು ಜನರಿಗೆ ತಲುಪುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಹನ್ನೊಂದು ಸಾವಿರ ಜನ ಇದ್ದರೂ ನಾನೂರು ಜನರಿಗೆ ಕಾಣಿಸಿದರೆ ಜಾಸ್ತಿ. ಕೆಳಗೆ ಒಂದು ನೀಲಿ ಬಟನ್, ದುಡ್ಡು ಕೊಟ್ಟರೆ ಇನ್ನೂ ಜನರಿಗೆ ತೋರಿಸುತ್ತೇವೆ ಅಂತ. ನಮ್ಮನ್ನು ನೋಡಬೇಕು ಅಂತ ತಾವಾಗಿಯೇ ಬಂದ ಜನರಿಗೆ ನಮ್ಮನ್ನು ತೋರಿಸಲು ನಾವೇ ದುಡ್ಡು ಕೊಡಬೇಕು! ಕೊಟ್ಟೆವು. ಹಬ್ಬದ ಮೊದಲು ಒಂದು ಸಾವಿರ, ಮಳೆಗಾಲಕ್ಕೆ ಎರಡು ಸಾವಿರ, ಹೀಗೆ.

ಕಡೆಗೆ ಒಂದು ರಾತ್ರಿ ಮೆಸೇಜ್ ಬಂತು. ನಿಮ್ಮ ಪೇಜ್ ನಿಯಮ ಮೀರಿದೆ, 24 ಗಂಟೆಯೊಳಗೆ ಇಲ್ಲಿ ಒತ್ತಿ ಉತ್ತರ ಕೊಡದಿದ್ದರೆ ಮುಚ್ಚುತ್ತೇವೆ ಅಂತ. ಕಂಪನಿಯದೇ ಚಿಹ್ನೆ, ಕಂಪನಿಯದೇ ಬಣ್ಣ. ಹೆದರಿ ಒತ್ತಿದೆವು, ಪಾಸ್‌ವರ್ಡ್ ಕೊಟ್ಟೆವು. ಕಳ್ಳರದ್ದು ಅಂತ ಗೊತ್ತಾಗುವಷ್ಟರಲ್ಲಿ ಪೇಜ್ ಅವರ ಕೈಗೆ ಹೋಗಿತ್ತು. ಮರುದಿನ ಅಮ್ಮನ ಹಪ್ಪಳದ ಫೋಟೊ ಇದ್ದ ಜಾಗದಲ್ಲಿ ಕ್ರಿಪ್ಟೊ ಕರೆನ್ಸಿಯ ಜಾಹೀರಾತು. ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ಆಮೇಲೆ ದೂರು ಕೊಡಲು ಒಬ್ಬ ಮನುಷ್ಯ ಸಿಗಲಿಲ್ಲ. ಒಂದು ಫಾರ್ಮ್ ತುಂಬಿದರೆ ಇನ್ನೊಂದು ಫಾರ್ಮ್, ಆಧಾರ್ ಕಾರ್ಡಿನ ಫೋಟೊ ಕಳಿಸಿದರೆ ಸ್ಪಷ್ಟ ಇಲ್ಲ ಅಂತ ಯಂತ್ರದ ಉತ್ತರ. ಎರಡು ತಿಂಗಳು ಹೀಗೇ ಹೋಯಿತು. ಪೇಜ್ ಬರಲೇ ಇಲ್ಲ. ಫೋಟೊ ಹೋದದ್ದಕ್ಕಿಂತ ನನಗೆ ಬೇಜಾರಾದದ್ದು ಜನ ಹೋದದ್ದಕ್ಕೆ. ಅವರನ್ನು ಕರೆಯಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಆಗ ನನಗೆ ನೆನಪಾದದ್ದು ಅಜ್ಜ. ಅಜ್ಜ ಚಾಲಗೇಣಿ ಒಕ್ಕಲು. ನಮ್ಮ ಜಿಲ್ಲೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ, ಚಿಕ್ಕವರಿಗಾಗಿ ಹೇಳುತ್ತೇನೆ. ಮೂಲಗೇಣಿ ಅಂದರೆ ಕಾಯಂ. ಗೇಣಿ ನಿಗದಿ, ಸುಮ್ನೆ ಒಕ್ಕಲೆಬ್ಬಿಸಲು ಆಗುವುದಿಲ್ಲ. ಚಾಲಗೇಣಿಯವನಿಗೆ ಆ ಭದ್ರತೆ ಇಲ್ಲ. ಅಜ್ಜ ಗದ್ದೆಗೆ ಸುಡುಮಣ್ಣು ಹೊತ್ತು ಹಾಕಿದರು, ಬದುವಿನಲ್ಲಿ ತೆಂಗು ನೆಟ್ಟರು, ತೋಡಿನ ನೀರು ತಿರುಗಿಸಿದರು. ಆದರೂ ಧಣಿ ಗೇಣಿ ಏರಿಸಿದರೆ ಕೊಡಬೇಕಿತ್ತು, ಏಳು ಅಂದರೆ ಏಳಬೇಕಿತ್ತು. 1974ರ ಭೂಸುಧಾರಣೆ ಬಂದು, ಗದ್ದೆ ನಮಗೆ ಸೇರಬೇಕು ಅಂತ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ತೀರ್ಪು ಆದ ಮೇಲೆಯೇ ಆ ತೆಂಗಿನ ಮರ ನಮ್ಮದಾದದ್ದು.

ಜಾಲತಾಣದಲ್ಲಿ ನಾವೆಲ್ಲ ಈಗ ಅಂಥದೇ ಒಕ್ಕಲು, ಅಲ್ವಾ? ಗೊಬ್ಬರ ನಮ್ಮದು, ಬೆವರು ನಮ್ಮದು, ನೆಲ ಅವರದ್ದು. ನೆಲದ ಧಣಿ ಯಾವಾಗ ಏನು ತೀರ್ಮಾನ ಮಾಡುತ್ತಾನೆ ಅಂತ ಹೇಳಲಾಗದು. ನಮ್ಮ ವಯಸ್ಸಿನವರು ಆರ್ಕುಟ್‌ನಲ್ಲಿ ಊರಿನ ಹೆಸರಿನ ಗುಂಪು ಕಟ್ಟಿ ವರ್ಷಗಟ್ಟಲೆ ಬರೆದರು, 2014ರ ಸೆಪ್ಟೆಂಬರ್ 30ಕ್ಕೆ ಅದು ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. 2020ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅದಕ್ಕೆ ಸರ್ಕಾರದ ಬಳಿ ಅದರದೇ ಕಾರಣ ಇತ್ತು, ನಾನು ತಕರಾರು ತೆಗೆಯುತ್ತಿಲ್ಲ, ಆದರೆ ಅಲ್ಲಿ ಜನ ಸೇರಿಸಿಕೊಂಡವರು ಒಂದೇ ರಾತ್ರಿಯಲ್ಲಿ ಬರಿಗೈಯಾದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ನಿಂತವು. ಇನ್‌ಸ್ಟಾಗ್ರಾಮ್ ಅನ್ನು 2012ರಲ್ಲಿ, ವಾಟ್ಸ್‌ಆ್ಯಪ್ ಅನ್ನು 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ಕಾರಣ ಮೂರಕ್ಕೂ ಧಣಿ ಒಬ್ಬನೇ. ಒಂದರಲ್ಲಿ ಹೋದರೆ ಇನ್ನೊಂದರಲ್ಲಿ ಇದ್ದೇವೆ ಅಂದುಕೊಂಡವರಿಗೆ ಅದು ಆವತ್ತು ಗೊತ್ತಾಯಿತು.

ಇನ್ನು ಹುಡುಕುವ ವಿಷಯ. ಇದರ ಬಗ್ಗೆ ವ್ಯಾಪಾರಿಗಳು ಮಾತ್ರ ಅಲ್ಲ, ಎಲ್ಲರೂ ಯೋಚಿಸಬೇಕು. ಗೂಗಲ್ ಶುರುವಾದಾಗ ಅದರ ಮುಖ್ಯ ಉಪಾಯ ಸರಳ. ಒಂದು ಪುಟಕ್ಕೆ ಬೇರೆ ಪುಟಗಳವರು ಎಷ್ಟು ಲಿಂಕ್ ಕೊಟ್ಟಿದ್ದಾರೆ, ಕೊಟ್ಟವರು ಎಷ್ಟು ನಂಬಿಗಸ್ತರು ಅಂತ ನೋಡಿ ಯಾವುದು ಮೇಲೆ ಬರಬೇಕು ಅಂತ ನಿರ್ಧರಿಸುವುದು. ಅದು ನಡೆಯಬೇಕಾದರೆ ಜನ ಬಯಲಲ್ಲಿ ಬರೆಯಬೇಕು. ನಾವು ಈಗ ಬರೆಯುವುದು ಎಲ್ಲಿ? ಲಾಗಿನ್ ಆಗದೆ ಒಳಗೆ ಬಿಡದ ಕಡೆ, ಇಲ್ಲವೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಅಲ್ಲಿಗೆ ಹುಡುಕುವ ಯಂತ್ರ ಹೆಚ್ಚಾಗಿ ಬರುವುದಿಲ್ಲ. ಹುಡುಗರಂತೂ ಗೂಗಲ್‌ಗೇ ಹೋಗುವುದಿಲ್ಲ. ಊಟಕ್ಕೆ ಎಲ್ಲಿ ಹೋಗಬೇಕು ಅಂತ ನೋಡಲು ಅಮೆರಿಕದ ಸುಮಾರು ಶೇ. 40 ಯುವಜನ ಟಿಕ್‌ಟಾಕ್, ಇನ್‌ಸ್ಟಾಗ್ರಾಮ್ ತೆರೆಯುತ್ತಾರೆ ಅಂತ 2022ರಲ್ಲಿ ಹೇಳಿದ್ದು ಗೂಗಲ್‌ನವರೇ ಆದ ಪ್ರಭಾಕರ್ ರಾಘವನ್. ಮಲ್ಪೆ ಬೀಚಿಗೆ ಬರುವ ಮಕ್ಕಳನ್ನು ನೋಡಿದರೆ ನಂಬುವುದು ಕಷ್ಟ ಅಲ್ಲ. ಕೈಯಲ್ಲಿ ರೀಲ್ಸ್ ಹಿಡಿದುಕೊಂಡೇ ಮೀನೂಟದ ಹೋಟೆಲ್ ಹುಡುಕುತ್ತಾರೆ. ಆ ರೀಲ್ಸ್ ಮಾಡಿದವರು ಹೋಟೆಲಿನಿಂದ ದುಡ್ಡು ತೆಗೆದುಕೊಂಡಿದ್ದರೆ ಅದನ್ನು ಹೇಳಲೇಬೇಕು ಅನ್ನುವ ನಿಯಮ ಇದೆ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ನಮ್ಮ ಊರಿನ ಹುಡುಗ ಹುಡುಗಿಯರು ದಯವಿಟ್ಟು ಅದನ್ನು ಪಾಲಿಸಲಿ.

ನನಗೆ ನಿಜವಾಗಿ ಚಿಂತೆ ಆಗುವುದು ಇನ್ನೊಂದಕ್ಕೆ. ನಮ್ಮ ವಾರ್ಡಿನ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಸಾಂತಣಿಗೆ ಉಪ್ಪು ಎಷ್ಟು ಅಂತ ಕೇಳಿದರು. ಅಮ್ಮ ತುಳುವಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರು. ಒಂದಲ್ಲ, ಹದಿನಾಲ್ಕು. ಯಾವ ಜಾತಿ ಹಲಸಿನ ಬೀಜ ಆಗಬಹುದು, ಎಷ್ಟು ಬೇಯಬೇಕು, ಎಷ್ಟು ಬಿಸಿಲು, ಅಲ್ಲಾಡಿಸಿದರೆ ಬೀಜ ಒಳಗೆ ಹೇಗೆ ಸದ್ದು ಮಾಡಿದರೆ ಒಣಗಿದೆ ಅಂತ ಅರ್ಥ. ಅರುವತ್ತು ವರ್ಷದ ಅಡುಗೆ ಅದು. ನನ್ನ ಫೋನ್ ಹಾಳಾಗಿ ಹೊಸದು ತೆಗೆದುಕೊಂಡಾಗ ಅವೆಲ್ಲ ಹೋದವು. ಗುಂಪಿನಲ್ಲಿ ಉಳಿದವರನ್ನು ಕೇಳಿದರೆ, ಮೆಮೊರಿ ತುಂಬಿತು ಅಂತ ಅವರೂ ಅಳಿಸಿದ್ದರು. ಈಗ ಯಾರಾದರೂ ಕನ್ನಡದಲ್ಲಿ ಸಾಂತಣಿ ಅಂತ ಹುಡುಕಿದರೆ ಆ ಮಾತು ಸಿಗುವುದಿಲ್ಲ. ಇತ್ತೀಚೆಗೆ ಹುಡುಕಿದ ಕೂಡಲೇ ಎಐ ಉತ್ತರವೇ ಮೇಲೆ ಬರುತ್ತದಲ್ಲ, ಅದಾದರೂ ಎಲ್ಲಿಂದ ಕಲಿಯಬೇಕು? ನಾವು ಬಯಲಲ್ಲಿ ಬರೆದಿಟ್ಟರೆ ತಾನೇ?

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಮಂಗಳೂರಿನಲ್ಲೇ ಹೊರಟದ್ದು. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ ಆ ಹಾಳೆಗಳಲ್ಲಿ ಏನಿತ್ತು ಅಂತ ಇವತ್ತಿಗೂ ಹೇಳಲು ಬರುತ್ತದೆ. ಇದೇ ನೆಲದಲ್ಲಿ ನಾವು ಹೋದ ವರ್ಷ ಆಡಿದ ಮಾತು ಈ ವರ್ಷ ನಮಗೇ ಸಿಗುತ್ತಿಲ್ಲ.

ನಮ್ಮನ್ನು ಉಳಿಸಿದ್ದು ಹೆಂಡತಿಯ ಒಂದು ನೋಟ್‌ಬುಕ್. ಕೊರಿಯರ್ ಕಳಿಸುವಾಗ ಅವಳು ಹೆಸರು, ವಿಳಾಸ, ಫೋನ್ ನಂಬರ್, ಯಾರಿಗೆ ಖಾರ ಕಡಿಮೆ ಅಂತೆಲ್ಲ ಬರೆದಿಡುತ್ತಿದ್ದಳು. ಇನ್ನೂರ ನಲವತ್ತು ಹೆಸರು ಇತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ನೂರಕ್ಕೂ ಜಾಸ್ತಿ ಜನ ಮತ್ತೆ ಸೇರಿದರು, ಮುಂಬೈಯ ಪುನರ್ಪುಳಿ ಮರದವರೂ ಸೇರಿ. ಹನ್ನೊಂದು ಸಾವಿರ ಫಾಲೋವರ್ ಮಾಡದ ಕೆಲಸವನ್ನು ಆ ಪುಸ್ತಕ ಮಾಡಿತು. ಈಗ ಜಾಲತಾಣದಲ್ಲಿ ಮತ್ತೆ ಇದ್ದೇವೆ, ಬಿಟ್ಟಿಲ್ಲ, ಬಿಡುವ ಹಾಗೂ ಇಲ್ಲ. ಜೊತೆಗೆ ನಮ್ಮದೇ ಹೆಸರಿನಲ್ಲಿ ಒಂದು ಸಣ್ಣ ವೆಬ್‌ಸೈಟ್ ಮಾಡಿಸಿದ್ದೇವೆ, ಆ ಹೆಸರು ಉಳಿಸಿಕೊಳ್ಳಲು ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿ. ಅದರಲ್ಲಿ ಬೆಲೆ, ವಿಳಾಸ ಕನ್ನಡದಲ್ಲೇ ಇದೆ. ಅಮ್ಮನನ್ನು ಮತ್ತೆ ಕೂರಿಸಿ ಕೇಳಿ ಸಾಂತಣಿಯ ಲೆಕ್ಕವನ್ನೂ ಬರೆದು ಹಾಕಿದ್ದೇನೆ. ಶಂಕರಪುರದ ಮಲ್ಲಿಗೆಯವರು, ಮಟ್ಟುಗುಳ್ಳ ಬೆಳೆಯುವವರು, ಸೀರೆ ನೇಯುವವರು, ಹೋಮ್‌ಸ್ಟೇಯವರು ಇಷ್ಟಾದರೂ ಮಾಡಿಟ್ಟುಕೊಳ್ಳಿ ಅಂತ ನನ್ನ ಕೋರಿಕೆ. ಪಾಸ್‌ವರ್ಡ್ ಜೊತೆಗೆ ಎರಡನೇ ಹಂತದ ಒಟಿಪಿ ಇವತ್ತೇ ಹಾಕಿಕೊಳ್ಳಿ, ನಾಳೆಗೆ ಇಡಬೇಡಿ.

ನಿಮ್ಮಲ್ಲೂ ಒಂದು ಕೇಳುವುದಿದೆ. ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ಇಂಥ ಮನೆ ಕಸುಬಿನವರಿಗೆ ಕಾಲು ಕಾಲಂ ಜಾಗ ಕೊಡಿ, ಅವರು ಗೊತ್ತಿರುವುದನ್ನು ಅವರದೇ ಮಾತಿನಲ್ಲಿ ಬರೆಯಲಿ. ಅದನ್ನು ನಿಮ್ಮ ವೆಬ್‌ಸೈಟಿನಲ್ಲೂ ಲಾಗಿನ್ ಕೇಳದೆ, ದುಡ್ಡು ಕೇಳದೆ, ಚಿತ್ರವಾಗಿ ಅಲ್ಲ, ಹುಡುಕಿದರೆ ಸಿಗುವ ಅಕ್ಷರವಾಗಿ ಇಡಿ. ಮೊದಲ ವಾರಕ್ಕೆ ಬೇಕಾದರೆ ಅಮ್ಮನ ಸಾಂತಣಿ ಕೊಡುತ್ತೇನೆ.

ಇಂತಿ,
ಹಪ್ಪಳ ವ್ಯಾಪಾರಿ, ಕಟಪಾಡಿ, ಉಡುಪಿ