ಪಿಸ್ತೂಲು ಅಂದ್ರೆ ಬರೀ ಕ್ರೈಮ್ ಪುಟಾನಾ?

ಸಂಪಾದಕರಿಗೆ ನಮಸ್ಕಾರ.

ನಮ್ಮ ವಿಜಯಪುರ ಜಿಲ್ಲೆಯ ಸುದ್ದಿಯಲ್ಲಿ ಪಿಸ್ತೂಲು ಕಾಣಿಸೋದು ಒಂದೇ ಥರ. ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ನಾಡ ಪಿಸ್ತೂಲುಗಳು, ಪಕ್ಕದಲ್ಲಿ ಜೀವಂತ ಗುಂಡುಗಳು, ಹಿಂದೆ ಪೊಲೀಸರು, ಮುಖಕ್ಕೆ ಬಟ್ಟೆ ಕಟ್ಟಿ ನಿಲ್ಲಿಸಿದ ಹುಡುಗರು. ಭೀಮಾ ತೀರ ಅಂದ್ರೆ ಇಡೀ ರಾಜ್ಯಕ್ಕೆ ನೆನಪಾಗೋದೂ ಇದೇ. ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಪಿಸ್ತೂಲಿಗೆ ಇನ್ನೊಂದು ಜಗತ್ತು ಇದೆ, ಅದರ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಯಾವತ್ತೋ ಒಲಿಂಪಿಕ್ಸ್ ಬಂದಾಗ ನಾಲ್ಕು ಸಾಲು ಬಿಟ್ಟರೆ ಏನೂ ಬರೋದಿಲ್ಲ. ಅದಕ್ಕೇ ಈ ಪತ್ರ.

ನಾನು ಸೇನೆಯಿಂದ ನಿವೃತ್ತನಾದವನು. ಈಗ ಪೊಲೀಸ್ ಮತ್ತು ಸೇನಾ ಭರ್ತಿಗೆ ಹುಡುಗರನ್ನು ತಯಾರು ಮಾಡುತ್ತೇನೆ. ಬೆಳಿಗ್ಗೆ ಓಟ ಮುಗಿದು ಬೆವರು ಆರುವಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿರುತ್ತೆ. ಈಚೆಗೆ ಅವರು ಜಾಸ್ತಿ ನೋಡುತ್ತಿರೋದು ಆ್ಯಕ್ಷನ್ ಪಿಸ್ತೂಲ್ ಶೂಟಿಂಗ್ ವಿಡಿಯೊ. ಒಬ್ಬ ಆಟಗಾರ ಸೊಂಟದಿಂದ ಪಿಸ್ತೂಲು ಎಳೆದು, ಹಲಗೆ ಗೋಡೆಗಳ ಸಂದಿಯಲ್ಲಿ ಓಡುತ್ತಾ, ರಟ್ಟಿನ ಗುರಿಗಳಿಗೆ ಎರಡೆರಡು ಗುಂಡು ಹಾಕಿ, ಓಡುತ್ತಲೇ ಮ್ಯಾಗಜೀನ್ ಬದಲಿಸಿ, ಕೊನೆಗೆ ಕಬ್ಬಿಣದ ಹಲಗೆಗಳನ್ನು ಟಣ್ ಟಣ್ ಅಂತ ಬೀಳಿಸುತ್ತಾನೆ. "ಸರ, ಇದು ಪಬ್‌ಜಿ ಆಡಿದಂಗ ಐತಿ ನೋಡ್ರಿ" ಅಂದ ಒಬ್ಬ. ಹುಡುಗರಿಗೆ ಕಾಣೋದು ವೇಗ ಮಾತ್ರ. ಅರ್ಧ ನಿಮಿಷದ ವಿಡಿಯೊದಲ್ಲಿ ಅದರ ಹಿಂದಿನ ನಿಯಮ ಕಾಣೋದಿಲ್ಲವಲ್ಲ.

ಈ ಆಟಕ್ಕೆ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್) ಅಂತ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಲ್ಲಿ ಶುರುವಾಯಿತು, ಮೊದಲ ಅಧ್ಯಕ್ಷ ಜೆಫ್ ಕೂಪರ್. ನಿಖರತೆ, ಬಲ, ವೇಗ ಈ ಮೂರೂ ಸಮತೂಕದಲ್ಲಿ ಇರಬೇಕು ಅನ್ನೋದು ಅವರ ಸೂತ್ರ. ಅಂಕ ಕೊಡುವ ಲೆಕ್ಕವೂ ಹಾಗೇ ಇದೆ. ಗುರಿಹಲಗೆಯ ನಡುವಿನ ಎ ಭಾಗಕ್ಕೆ ಬಿದ್ದರೆ 5 ಅಂಕ, ಅದರಾಚೆ ಸಿ, ಅಂಚಿನಲ್ಲಿ ಡಿ. 9 ಎಂಎಂನಂಥ ಸಣ್ಣ ಗುಂಡಿಗೆ ಸಿ ಭಾಗದಲ್ಲಿ 3, ಡಿ ಭಾಗದಲ್ಲಿ 1. ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ, ಅಷ್ಟೇ. ಹತ್ತು ಗುಂಡಿನ ಒಂದು ಸ್ಟೇಜ್, ಅಂದ್ರೆ ಸ್ಪರ್ಧೆಯ ಒಂದು ಸುತ್ತು ಅಂದುಕೊಳ್ಳಿ. ಒಬ್ಬ ಹತ್ತನ್ನೂ ಎ ಭಾಗಕ್ಕೇ ಹೊಡೆದು 10 ಸೆಕೆಂಡ್ ತಗೊಂಡ, 50 ಭಾಗಿಸು 10, ಅಂದ್ರೆ 5. ಇನ್ನೊಬ್ಬ ಎಂಟು ಎ, ಎರಡು ಸಿ ಹೊಡೆದು 8 ಸೆಕೆಂಡಿನಲ್ಲಿ ಮುಗಿಸಿದ, ಅವನದು 46 ಭಾಗಿಸು 8, ಅಂದ್ರೆ 5.75. ಅವನೇ ಮುಂದೆ. ಆದರೆ ಅದೇ ಅವಸರದಲ್ಲಿ ಆ ಎರಡು ಸಿಯಲ್ಲಿ ಒಂದು ಗುಂಡು ಗುರಿ ತಪ್ಪಿತು ಅನ್ನಿ. ಆ 3 ಅಂಕವೂ ಹೋಯಿತು, ಮೇಲೆ 10 ಅಂಕ ದಂಡ, 33 ಭಾಗಿಸು 8, ನಾಲ್ಕರ ಚಿಲ್ಲರೆಗೆ ಇಳಿದ. ಹೊಡೆಯಬಾರದ ಗುರಿ ಅಂತಾನೂ ನಡುನಡುವೆ ನಿಲ್ಲಿಸಿರುತ್ತಾರೆ. ಅದಕ್ಕೆ ಗುಂಡು ತಗುಲಿದರೂ 10 ಕಡಿತ. ಹುಡುಗರಿಗೆ ಈ ಲೆಕ್ಕ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದಾಗ ಪಬ್‌ಜಿ ಮಾತು ನಿಂತಿತು.

ಈಗ ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಸ್ಪರ್ಧೆ ನಡೆಯುವ ಜಾಗದಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲು ಇರುತ್ತೆ, ಆದರೆ ಒಂದರಲ್ಲೂ ಗುಂಡು ಇರೋದಿಲ್ಲ. ತನ್ನ ಸರದಿ ಬಂದು, ಮೇಲ್ವಿಚಾರಣೆ ಮಾಡುವ ರೇಂಜ್ ಆಫೀಸರ್ ಪಕ್ಕದಲ್ಲಿ ನಿಂತು "ಲೋಡ್ ಆ್ಯಂಡ್ ಮೇಕ್ ರೆಡಿ" ಅನ್ನುವ ತನಕ ಯಾರೂ ಪಿಸ್ತೂಲು ಹೊರಗೆ ತೆಗೆಯುವಂತಿಲ್ಲ. ಒರೆಸಬೇಕು, ಏನೋ ಸಡಿಲಾಗಿದೆ, ಬಿಗಿ ಮಾಡಬೇಕು ಅಂದ್ರೂ ಅದಕ್ಕೇ ಅಂತ ಗುರುತು ಮಾಡಿದ ಮೇಜಿಗೆ ಹೋಗಬೇಕು, ಆ ಮೇಜಿನ ಹತ್ತಿರ ಒಂದೇ ಒಂದು ಗುಂಡನ್ನೂ ಮುಟ್ಟುವಂತಿಲ್ಲ, ಡಮ್ಮಿ ಗುಂಡನ್ನು ಕೂಡ. ಆಮೇಲೆ "ಆರ್ ಯು ರೆಡಿ?", "ಸ್ಟ್ಯಾಂಡ್‌ಬೈ", ಒಂದರಿಂದ ನಾಲ್ಕು ಸೆಕೆಂಡಿನೊಳಗೆ ಟೈಮರ್ ಬೀಪ್ ಅನ್ನುತ್ತೆ. ಆ ಟೈಮರ್ ಪ್ರತಿ ಗುಂಡಿನ ಸದ್ದನ್ನೂ ಹಿಡಿದು ಕೊನೆಯ ಗುಂಡಿನ ಹೊತ್ತನ್ನು ತೋರಿಸುತ್ತೆ. ಓಡುವಾಗ ಬೆರಳು ಟ್ರಿಗರ್ ಕಾಪಿನ ಹೊರಗೆ ಇರಬೇಕು. ನಳಿಗೆ ಎಡಕ್ಕಾಗಲಿ ಬಲಕ್ಕಾಗಲಿ ಮೇಲಕ್ಕಾಗಲಿ 90 ಡಿಗ್ರಿ ದಾಟಿ ಹಿಂದಕ್ಕೆ ತಿರುಗಬಾರದು. ತಿರುಗಿತೋ, "ಸ್ಟಾಪ್" ಅಂತ ಕೂಗು, ಆ ಸ್ಪರ್ಧೆ ಪೂರ್ತಿ ಅವನಿಗೆ ಅಲ್ಲಿಗೆ ಮುಗಿಯಿತು. ಎಚ್ಚರಿಕೆ ಕೊಟ್ಟು ಬಿಡೋದೆಲ್ಲ ಇಲ್ಲ. ವಿಮಾನದ ಟಿಕೆಟ್ ತೆಗೆದು ಎಲ್ಲಿಂದಲೋ ಬಂದಿರಲಿ, ಹೆಸರಾಂತ ಚಾಂಪಿಯನ್ನೇ ಆಗಿರಲಿ, ಚೀಲ ಕಟ್ಟಿಕೊಂಡು ಪಕ್ಕಕ್ಕೆ ನಿಲ್ಲಬೇಕು.

ಹುಡುಗರಿಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ ನಿಯಮ ಬೇರೆ. ಸುಮ್ನೆ ನಡೆದು ಹೋಗುವಾಗ ಸೊಂಟದಿಂದ ಖಾಲಿ ಪಿಸ್ತೂಲು ಕೆಳಗೆ ಬಿತ್ತು ಅನ್ನಿ. ನಾವಾದ್ರೆ ಬಗ್ಗಿ ಎತ್ತಿಕೊಳ್ತೀವಿ. ಅಲ್ಲಿ ಹಾಗೆ ಎತ್ತಿಕೊಂಡರೆ ಸ್ಪರ್ಧೆಯಿಂದ ಹೊರಗೆ. ಹಾಗೇ ನಿಂತು ರೇಂಜ್ ಆಫೀಸರನ್ನು ಕರೀಬೇಕು, ಅವರೇ ಎತ್ತಿ, ಖಾಲಿ ಇದೆಯಾ ಅಂತ ನೋಡಿ ಒಪ್ಪಿಸುತ್ತಾರೆ. "ಖಾಲಿ ಐತಿ ಅಂತ ನಮಗ ಗೊತ್ತೈತಲ್ರಿ ಸರ, ಮತ್ಯಾಕ?" ಅಂತ ಕೇಳಿದ ಒಬ್ಬ. ಖಾಲಿ ಇದೆ ಅಂದುಕೊಂಡ ಬಂದೂಕಿನಿಂದಲೇ ಮನೆಮನೆಗಳಲ್ಲಿ ಜನ ಸತ್ತಿರೋದು ಅಂದೆ.

ಮುಗಿಸುವಾಗಲೂ ಅಷ್ಟೇ ಶಿಸ್ತು. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆ ಎಳೆದು, ಖಾಲಿ ಚೇಂಬರನ್ನು ಆಫೀಸರ್ ಕಣ್ಣಿಗೆ ತೋರಿಸಬೇಕು. ತೋರಿಸಿದ ಮೇಲೂ ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆ ಹಿಡಿದು ಒಮ್ಮೆ ಟ್ರಿಗರ್ ಎಳೆಯಬೇಕು. ಇಬ್ಬರ ಕಣ್ಣೂ ತಪ್ಪಿ ಗುಂಡು ಉಳಿದಿದ್ದರೆ ಅದು ದಿಬ್ಬಕ್ಕೇ ಹೋಗಲಿ ಅಂತ. ಆಮೇಲೆ ಪಿಸ್ತೂಲು ಸೊಂಟಕ್ಕೆ, "ರೇಂಜ್ ಈಸ್ ಕ್ಲಿಯರ್" ಅನ್ನುವ ಕೂಗು, ಆಗ ಮಾತ್ರ ಉಳಿದವರು ಗುರಿ ಕಡೆ ಹೆಜ್ಜೆ ಇಡಬಹುದು. ಸೇನೆಯಲ್ಲಿ "ಜಾಂಚ್ ಶಸ್ತ್ರ", ಅಂದ್ರೆ ಆಯುಧ ತಪಾಸಣೆ, ಮಾಡಿದವರಿಗೆ ಇದು ಹೊಸದಲ್ಲ. ಆದರೆ ತಲವಾರದಿಂದ ಕೇಕ್ ಕತ್ತರಿಸಿ, ಗೆಳೆಯನ ತಲೆಗೆ ಪಿಸ್ತೂಲು ಹಿಡಿದು, ಬೆರಳು ಟ್ರಿಗರ್ ಮೇಲೇ ಇಟ್ಟು ರೀಲ್ಸ್ ಮಾಡೋ ನಮ್ಮ ಪೋರರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸೋದು ಗಂಡಸುತನ ಅಂದುಕೊಂಡ ಹಿರಿಯರೂ ಇದ್ದಾರೆ ಬಿಡಿ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು, ಸಂಭ್ರಮಕ್ಕೆ ಹೀಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ ಅಂತ ಮಾಡಿದ್ದಾರೆ. ಲೈಸೆನ್ಸ್ ಇದ್ದರೂ ಬಿಡೋದಿಲ್ಲ.

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕದೆ ರೇಂಜಿನಲ್ಲಿ ನಿಲ್ಲೋ ಹಾಗೂ ಇಲ್ಲ. ನಮ್ಮೂರಿಗಂತೂ ಇದು ಹೊಸ ಬುದ್ಧಿ ಅಲ್ಲ. ಮಲಿಕ್-ಎ-ಮೈದಾನ್ ತೋಪಿಗೆ ಕಿಡಿ ತಾಗಿಸಿದವನು ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಅಂತ ಗೈಡುಗಳು ಪ್ರವಾಸಿಗರಿಗೆ ಇವತ್ತಿಗೂ ಹೇಳ್ತಾರಲ್ಲ!

ಸಲಕರಣೆ ವಿಷಯಕ್ಕೆ ಬಂದರೆ, ಕಾರ್ಖಾನೆಯಿಂದ ಬಂದ ಹಾಗೇ ಇರುವ ಪಿಸ್ತೂಲಿಗೆ ಪ್ರೊಡಕ್ಷನ್ ವಿಭಾಗ, ಕೆಂಪು ಚುಕ್ಕೆ ಕನ್ನಡಿ, ಉದ್ದ ಮ್ಯಾಗಜೀನು, ಒದೆತ ತಗ್ಗಿಸುವ ತೂತು ಎಲ್ಲಾ ಇರುವ ದುಬಾರಿ ಪಿಸ್ತೂಲಿಗೆ ಓಪನ್ ವಿಭಾಗ, ರಿವಾಲ್ವರಿಗೆ ಬೇರೆ. ಗುಂಡಿಗೂ ಕನಿಷ್ಠ ಬಲ ಇರಬೇಕು. ಗುಂಡಿನ ತೂಕವನ್ನು ಗ್ರೇನ್ ಅನ್ನೋ ಸಣ್ಣ ತೂಕದ ಲೆಕ್ಕದಲ್ಲಿ ಹಿಡಿದು, ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತೆ ಅನ್ನೋದರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು. ನಮ್ಮ ದೇಶದ ತೊಡಕು ಇಲ್ಲಿಯೇ. ಡಿಸಿ ಆಫೀಸಿನಿಂದ ಸಾಮಾನ್ಯ ನಾಗರಿಕನಿಗೆ ಸಿಗುವ ಲೈಸೆನ್ಸಿನಲ್ಲಿ ಜನ ಜಾಸ್ತಿ ಕೊಳ್ಳೋದು .32 ಪಿಸ್ತೂಲು. ಅದರ ಗುಂಡು 71 ಗ್ರೇನ್, ವೇಗ ಸುಮಾರು 900 ಅಡಿ. ಗುಣಿಸಿ ನೋಡಿ, 64 ಕೂಡ ದಾಟೋದಿಲ್ಲ. 9 ಎಂಎಂ ಆದರೆ ಆರಾಮಾಗಿ 125 ದಾಟುತ್ತೆ, ಆದರೆ ಅದು ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಪೊಲೀಸರಿಗೆ, ಸೈನಿಕರಿಗೆ ಮಾತ್ರ ಅನ್ನೋ ಥರ. ಸಾಲದ್ದಕ್ಕೆ ಚುನಾವಣೆ ಬಂದಾಗ ಸಾಮಾನ್ಯವಾಗಿ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತೆ. ಹಾಗಾಗಿ ವಿಡಿಯೊದಲ್ಲಿ ಕಂಡ ಆಟವನ್ನು ಹಾಗೇ ವಿಜಯಪುರಕ್ಕೆ ತನ್ನಿ ಅಂತ ನಾನು ಕೇಳೋದಿಲ್ಲ. ಕಾನೂನು ಸಡಿಲ ಮಾಡಿ ಅಂತಾನೂ ಕೇಳೋದಿಲ್ಲ, ಈ ಜಿಲ್ಲೆಯಲ್ಲಿ ಇದ್ದುಕೊಂಡು ಹಾಗೆ ಕೇಳೋಕೆ ಬಾಯಿ ಬರೋದಿಲ್ಲ.

ಆದರೆ ಆ ಆಟದ ಶಿಸ್ತು ಕಲಿಯೋಕೆ ನಿಜವಾದ ಗುಂಡೇ ಬೇಕಾ? ಜಪಾನಿನಲ್ಲಿ ನಾಗರಿಕರಿಗೆ ಪಿಸ್ತೂಲು ಸಿಗೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅಲ್ಲಿಯ ತತ್ಸುಯಾ ಸಕಾಯಿ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಪಿಸ್ತೂಲಿನಲ್ಲೇ ಹೆಚ್ಚು ಅಭ್ಯಾಸ ಮಾಡಿ, 2004ರಲ್ಲಿ ಅಮೆರಿಕಕ್ಕೆ ಹೋಗಿ ಸ್ಟೀಲ್ ಚಾಲೆಂಜ್ ಸ್ಪರ್ಧೆ ಗೆದ್ದು ಬಂದರು. ಅಲ್ಲಿ ಪ್ರತಿ ಸ್ಟೇಜಿನಲ್ಲಿ ಐದು ಕಬ್ಬಿಣದ ಹಲಗೆ, ಎಷ್ಟು ಬೇಗ ಐದಕ್ಕೂ ಹೊಡೀತೀರಿ ಅನ್ನೋದೇ ಲೆಕ್ಕ. ಅಮೆರಿಕದವರ ಆಟದಲ್ಲಿ ಅಮೆರಿಕದವರನ್ನೇ ಸೋಲಿಸಿದರು.

ನಮಗೆ ಹತ್ತಿರದ ದಾರಿ 10 ಮೀಟರ್ ಏರ್ ಪಿಸ್ತೂಲ್. ಓಟ ಇಲ್ಲ, ಸೊಂಟದಿಂದ ಎಳೆಯೋದಿಲ್ಲ, ನಿಂತಲ್ಲೇ ಒಂದು ಕೈಯಲ್ಲಿ ಹಿಡಿದು ಒಂದೂಕಾಲು ಗಂಟೆಯಲ್ಲಿ 60 ಗುಂಡು. ಹತ್ತು ಅಂಕದ ವೃತ್ತ ಅಡ್ಡಳತೆಯಲ್ಲಿ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಹೊಡೆಯದೇ ಇರುವಾಗ ನಳಿಗೆಯೊಳಗೆ ಕಣ್ಣಿಗೆ ಹೊಡೆಯುವ ಬಣ್ಣದ ದಾರ ತೂರಿಸಿಟ್ಟಿರಬೇಕು, ಒಳಗೆ ಏನೂ ಇಲ್ಲ ಅಂತ ದೂರದಿಂದಲೇ ಕಾಣಲಿ ಅಂತ. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಇದರಲ್ಲೇ. ಅದೇ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ಆಗ ರೈಲ್ವೆ ಟಿಕೆಟ್ ಕಲೆಕ್ಟರ್ ಆಗಿದ್ದರು. ವೇಗವೇ ಬೇಕು ಅನ್ನೋರಿಗೆ 25 ಮೀಟರ್ ರ‍್ಯಾಪಿಡ್ ಫೈರ್ ಇದೆ. ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡ್, ಆಮೇಲೆ 6, ಕೊನೆಗೆ 4. ಸೇನೆಯ ವಿಜಯ್ ಕುಮಾರ್ 2012ರ ಲಂಡನ್‌ನಲ್ಲಿ ಬೆಳ್ಳಿ ತಂದದ್ದು ಇದರಲ್ಲಿ.

ಇನ್ನೊಂದು ಮಾತು ಮರೆತೆ. ಆ್ಯಕ್ಷನ್ ಶೂಟಿಂಗಿನಲ್ಲಿ ಆಳುಗಳು ಇರೋದಿಲ್ಲ. ಒಬ್ಬ ಹೊಡೆದು ಮುಗಿಸಿದ ಕೂಡಲೇ ಅದೇ ಗುಂಪಿನ ಉಳಿದ ಆಟಗಾರರು ಹೋಗಿ ರಟ್ಟಿನ ತೂತಿಗೆ ಅಂಟು ಕಾಗದ ಹಚ್ಚುತ್ತಾರೆ, ಬಿದ್ದ ಕಬ್ಬಿಣ ಎತ್ತಿ ನಿಲ್ಲಿಸುತ್ತಾರೆ, ತಮ್ಮನ್ನು ಸೋಲಿಸಬಹುದಾದವನಿಗೂ ಅಷ್ಟೇ. ಸೈನಿಕರ ಥರ ಚುಕ್ಕೆ ಚುಕ್ಕೆ ಬಟ್ಟೆ ಹಾಕಿ ಬರೋದನ್ನು ಅಲ್ಲಿ ಯಾರೂ ಮೆಚ್ಚೋದಿಲ್ಲ, ಅದು ಬೇಡ ಅಂತ ನಿಯಮಪುಸ್ತಕದಲ್ಲೇ ಇದೆ. ಗುರಿಹಲಗೆಗೂ ತಲೆ, ಭುಜ ಇಲ್ಲ, ಎಂಟು ಮೂಲೆಯ ರಟ್ಟು ಅಷ್ಟೇ. ನಮ್ಮ ರೀಲ್ಸ್ ವೀರರಿಗೆ ಇಲ್ಲಿ ಪಾಪ ಏನೂ ಸಿಗೋದಿಲ್ಲ.

ಈಗ ನನ್ನ ಬೇಡಿಕೆ. ಜಿಲ್ಲಾ ಕ್ರೀಡಾಂಗಣದ ಆವರಣದಲ್ಲಿ ಸಾಮಾನ್ಯ ಮನೆಯ ಹುಡುಗ ಹುಡುಗಿಯರಿಗೂ ಪ್ರವೇಶ ಇರುವ 10 ಮೀಟರ್ ರೇಂಜ್ ಬೇಕು. ಒಂದು ಉದ್ದನೆಯ ಶೆಡ್ಡು, ಒಂದು ಕಡೆ ಗಟ್ಟಿ ಗೋಡೆ, ಒಳ್ಳೆ ಬೆಳಕು, ನಾಲ್ಕಾರು ಏರ್ ಪಿಸ್ತೂಲು, ಬೀಗ ಹಾಕುವ ಕಬ್ಬಿಣದ ಕಪಾಟು. ಸೈಕ್ಲಿಂಗಿಗೆ ಹೆಸರಾದ ಜಿಲ್ಲೆಗೆ ಇದು ದೊಡ್ಡ ಖರ್ಚಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ನನ್ನಂಥ ಮಾಜಿ ಸೈನಿಕರು ಬೇಕಾದಷ್ಟು ಇದ್ದಾರೆ, ಎಷ್ಟೋ ಮಂದಿ ಬ್ಯಾಂಕ್ ಬಾಗಿಲಲ್ಲಿ ಬಂದೂಕು ಹಿಡಿದು ಕೂತಿದ್ದಾರೆ. ರೇಂಜ್ ನೋಡಿಕೊಳ್ಳೋಕೆ ಅವರನ್ನು ಕರೆಯಿರಿ, ಬರ್ತಾರೆ. ಮತ್ತೆ ನಿಮ್ಮ ಕ್ರೀಡಾ ವರದಿಗಾರರಿಗೆ ಹೇಳಿ, ರಾಜ್ಯ ಮಟ್ಟದ ಶೂಟಿಂಗ್ ಫಲಿತಾಂಶ ಬಂದಾಗ ಕಬಡ್ಡಿ, ಕುಸ್ತಿ ಸುದ್ದಿಯ ಪಕ್ಕದಲ್ಲೇ ಹಾಕಲಿ. ಗೆದ್ದವರ ಫೋಟೊ ಹಾಕುವಾಗ ಬೆರಳು ಟ್ರಿಗರಿನ ಹೊರಗೆ ಇದೆಯಾ ಅಂತ ಒಮ್ಮೆ ನೋಡಿ ಹಾಕಲಿ, ಹುಡುಗರು ಅದನ್ನೂ ಗಮನಿಸ್ತಾರೆ.

ಇಂತಿ,
ಒಬ್ಬ ಮಾಜಿ ಸೈನಿಕ, ವಿಜಯಪುರ